ಅಳಲೆಕಾಯಿಯ ಚುರುಕನ್ನು ಪೀಕ್ ನೋಡಿ ಅಂದಾಜು ಮಾಡಿದ್ದು

ಬೆಳಗಾವಿಯ ನಮ್ಮ ಲ್ಯಾಬ್‌ನಲ್ಲಿ ಅಳಲೆಕಾಯಿ ಹಿಡಿದುಕೊಂಡಾಗ ಪ್ರಶ್ನೆ ಇಷ್ಟೇ ಇತ್ತು: ಸಾರದಲ್ಲಿನ ವಸ್ತುಗಳನ್ನು ಬೇರ್ಪಡಿಸಿ ಪೀಕ್‌ಗಳಾಗಿ (ಶಿಖರಗಳಾಗಿ) ತೋರಿಸುವ ಎಚ್‌ಪಿಎಲ್‌ಸಿ ಯಂತ್ರದ ಗ್ರಾಫ್ ನೋಡಿಯೇ ಸಾರದ ಆಂಟಿಆಕ್ಸಿಡೆಂಟ್ ಶಕ್ತಿ ಹೇಳಬಹುದಾ? ಈ ಶಕ್ತಿ ಅಳೆಯುವ ಡಿಪಿಪಿಎಚ್ ಪರೀಕ್ಷೆ (ಡಿಪಿಪಿಎಚ್ ಎಂಬ ನೇರಳೆ ರಾಸಾಯನಿಕದ ಬಣ್ಣ ಎಷ್ಟು ಕಳೆಯಿತು ಅಂತ ನೋಡುವುದು) ಅಗ್ಗದ್ದು, ನೇರವಾಗಿ ಮಾಡಿದರೂ ಆಗುತ್ತದೆ. ಅಗ್ಗ ಅಂತಲೇ ಅದನ್ನು ಆರಿಸಿದೆವು. ಅಂದಾಜು ಸರಿಯೋ ತಪ್ಪೋ ಕೂಡಲೇ ಗೊತ್ತಾಗಬೇಕಲ್ವಾ?

ಕಾಯಿ ಆರಿಸುವುದೇ ದೊಡ್ಡ ಕೆಲಸ. ಖಾನಾಪುರ ಕಾಡಿನ ಕಡೆಯ ಕಾಯಿ, ಬೆಳಗಾವಿ, ವಿಜಯಪುರದ ಗ್ರಂಥಿಗೆ ಅಂಗಡಿಗಳ ಮಾಲು, ಎಳೆಯ ಕಪ್ಪು ಕಾಯಿ, ಬಲಿತ ಹಳದಿ ಕಾಯಿ, ಹುಳ ಹಿಡಿದ ಹಳೇ ದಾಸ್ತಾನು, ಎಲ್ಲ ತಂದೆವು. ಬರೀ ಒಳ್ಳೆಯದನ್ನೇ ಆರಿಸಿದರೆ ಎಲ್ಲದರ ಫಲಿತಾಂಶ ಒಂದೇ ಥರ ಬರುತ್ತದೆ. ಆಗ ಗ್ರಾಫ್ ನೋಡಿ ಶಕ್ತಿ ಅಂದಾಜು ಮಾಡುವ ಲೆಕ್ಕದ ಮಾಡೆಲ್‌ಗೆ ಕಲಿಯಲು ಏನೂ ಉಳಿಯುವುದಿಲ್ಲ.

ಬೀಜ ತೆಗೆದು, ಸಿಪ್ಪೆ ಪುಡಿ ಮಾಡಿ, ನೀರು ಬೆರೆಸಿದ ಮೆಥನಾಲ್‌ನಲ್ಲಿ ತಣ್ಣಗೇ ನೆನೆಹಾಕಿದೆವು. ಕುದಿಸಿದರೆ ಚೆಬುಲಿನಿಕ್ ಆಸಿಡ್‌ನಂಥ ಟ್ಯಾನಿನ್‌ಗಳು ಒಡೆದು ಗ್ಯಾಲಿಕ್ ಆಸಿಡ್ ಜಾಸ್ತಿಯಾಗುತ್ತದೆ. ಆಮೇಲೆ ಗ್ರಾಫ್ ಹೇಳುವುದು ಕಾಯಿಯ ಕಥೆಯೋ ಒಲೆಯ ಕಥೆಯೋ ತಿಳಿಯುವುದಿಲ್ಲ.

ಎಚ್‌ಪಿಎಲ್‌ಸಿಗೆ ಹೋಗುವ ಮೊದಲು ಸಿಲಿಕಾ ಪ್ಲೇಟ್ ಮೇಲೆ ಸಾರ ಓಡಿಸಿ ಅದರ ವಸ್ತುಗಳನ್ನು ಪಟ್ಟಿಗಳಾಗಿ ಬೇರ್ಪಡಿಸಿ, ಒಣಗಿಸಿ, ಡಿಪಿಪಿಎಚ್ ಸಿಂಪಡಿಸಿ ನೋಡಿದೆವು. ನನಗೆ ಇದೇ ಬಹಳ ಇಷ್ಟದ ಹಂತ. ಪ್ಲೇಟ್ ಪೂರ್ತಿ ನೇರಳೆ. ಸ್ವಲ್ಪ ಹೊತ್ತಿಗೆ ಕೆಲಸ ಮಾಡುವ ಪಟ್ಟಿಗಳು ಮಾತ್ರ ಹಳದಿಗೆ ತಿರುಗುತ್ತವೆ. 254 ನ್ಯಾನೊಮೀಟರ್ ಯುವಿ ಕೆಳಗೆ ದಟ್ಟವಾಗಿ ಕಂಡ ಪಟ್ಟಿಗಳೆಲ್ಲ ಅಷ್ಟೇ ಜೋರಾಗಿ ಹಳದಿ ಆಗಲಿಲ್ಲ. ಮಸುಕಾಗಿ ಕಂಡ ಒಂದೆರಡು ಚೆನ್ನಾಗಿ ಹಳದಿಯಾದವು. ಯುವಿ ತೋರಿಸುವುದು ಬೆಳಕು ಹೀರುವುದನ್ನು, ಗುಣವನ್ನಲ್ಲ. ಎತ್ತರದ ಪೀಕ್ ಕಂಡ ಕೂಡಲೇ 'ಇದೇ ಔಷಧಿ' ಅನ್ನುವವರಿಗೆ ಈ ಪ್ಲೇಟ್ ತೋರಿಸಬೇಕು.

ಆಮೇಲೆ ಎಚ್‌ಪಿಎಲ್‌ಸಿ: ವಸ್ತುಗಳನ್ನು ಬೇರ್ಪಡಿಸುವ ಸಿ18 ಕಾಲಮ್ (ಕೊಳವೆ), ಅಳತೆಗೆ 270 ನ್ಯಾನೊಮೀಟರ್ ಯುವಿ. ಸ್ಯಾಂಪಲ್‌ಗಳನ್ನು ಊರುವಾರು ಸಾಲಾಗಿ ಓಡಿಸದೆ ಚೀಟಿ ಎತ್ತಿ ಬೆರೆಸಿದೆವು. ಇಲ್ಲದಿದ್ದರೆ ಮಷೀನಿನ ಏರಿಳಿತವೇ ಊರಿನ ವ್ಯತ್ಯಾಸದಂತೆ ಕಾಣುತ್ತದೆ. ಪೀಕ್‌ಗಳು ಆಚೀಚೆ ಜರುಗಿದ್ದನ್ನು ಸಾಫ್ಟ್‌ವೇರ್‌ನಲ್ಲಿ ಸರಿಹೊಂದಿಸಿ, ಒಂದು ಕಡೆ ಗ್ರಾಫ್, ಇನ್ನೊಂದು ಕಡೆ 517 ನ್ಯಾನೊಮೀಟರ್‌ನಲ್ಲಿ ಅಳೆದ ಡಿಪಿಪಿಎಚ್ ಫಲಿತಾಂಶ ಇಟ್ಟು, 'ಆರ್' ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ ಪಿಎಲ್‌ಎಸ್ ರಿಗ್ರೆಶನ್ (ಎರಡರ ನಂಟು ಹುಡುಕಿ ಅಂದಾಜಿನ ಮಾಡೆಲ್ ಕಟ್ಟುವ ಲೆಕ್ಕ) ಮಾಡಿದೆವು. ಆರ್ ಉಚಿತ, ಅದೊಂದು ಪುಣ್ಯ.

ಮಾಡೆಲ್ ಪರೀಕ್ಷಿಸುವಾಗ ಒಂದು ಲಾಟ್ (ಒಂದೇ ಕಡೆಯಿಂದ ಒಟ್ಟಿಗೆ ತಂದ ಕಾಯಿ) ಹೊರಗಿಟ್ಟರೆ ಅದರ ಎಲ್ಲ ರೀಡಿಂಗ್‌ಗಳನ್ನೂ ಹೊರಗಿಡಬೇಕು. ಒಂದನ್ನು ತೆಗೆದು ಅದರ ಜೋಡಿಯನ್ನು ಒಳಗೆ ಬಿಟ್ಟರೆ ಅಂಕ ಸುಮ್ನೆ ಚೆನ್ನಾಗಿ ಬರುತ್ತದೆ. ಉತ್ತರ ಮೊದಲೇ ಹೇಳಿಕೊಟ್ಟ ಹಾಗೆ.

ನಮ್ಮ ಅಂದಾಜು ಬಲಿತ ಕಾಯಿಗೆ ಚೆನ್ನಾಗಿ ಹೊಂದಿತು, ಹಳೇ ದಾಸ್ತಾನಿಗೆ ಅಷ್ಟಾಗಿ ಇಲ್ಲ. ಇದೆಲ್ಲ ಟೆಸ್ಟ್‌ಟ್ಯೂಬಿನ ಮಾತು, ಹೊಟ್ಟೆಗೆ ಹೋದ ಮೇಲಿನದ್ದಲ್ಲ. ಈಗ ಹೊಸ ಲಾಟ್ ಬಂದರೆ ಅದರ ಗ್ರಾಫ್ ನಮ್ಮ ಹಳೇ ಗ್ರಾಫ್‌ಗಳ ಗುಂಪಿನೊಳಗೆ ಬೀಳುತ್ತದಾ ಅಂತ ಮೊದಲು ನೋಡುತ್ತೇವೆ. ಬೀಳದಿದ್ದರೆ ಅಂದಾಜು ಹೇಳುವುದಿಲ್ಲ, ನೇರ ಪರೀಕ್ಷೆಗೇ ಇಡುತ್ತೇವೆ.