ಹರಿದ ಮುತ್ತಿನ ಹಾರ, ನಾಲ್ಕೂವರೆ ಕಿಲೋ ಜೋಳ

ಕಾಲು, ಅರ್ಧ, ಮುಕ್ಕಾಲು ಅಂಗಡಿಯಲ್ಲಿ ಮಕ್ಕಳಿಗೆ ಸಲೀಸು. ಅದೇ ಕಪ್ಪು ಹಲಗೆ ಮೇಲೆ ಭಿನ್ನರಾಶಿ ಅಂತ ಬಂದರೆ ಮುಖ ಬಾಡುತ್ತದೆ. ಹೋದ ವರ್ಷ ನನ್ನ ಎಂಟನೇ ತರಗತಿಗೆ ಪಠ್ಯದ ಲೆಕ್ಕ ಬದಿಗಿಟ್ಟು, ಮಹಾವೀರಾಚಾರ್ಯರ ಒಂದು ಲೆಕ್ಕ ಹೇಳಿದೆ.

ನಮ್ಮ ಶಾಲೆ ಇರುವುದು ಸೇಡಂ ತಾಲ್ಲೂಕಿನಲ್ಲಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇದೇ ತಾಲ್ಲೂಕಿನದು. ಅಮೋಘವರ್ಷನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ಸಂಸ್ಕೃತ ಪದ್ಯಗಳಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಲೆಕ್ಕ ಅದರಲ್ಲಿದೆ.

ಗಂಡ ಹೆಂಡತಿ ಜಗಳದಲ್ಲಿ ಮುತ್ತಿನ ಹಾರ ಹರಿಯಿತು. ಮುತ್ತುಗಳಲ್ಲಿ ಮೂರನೇ ಒಂದು ಭಾಗ ದಾಸಿಯ ಕಡೆ ಉರುಳಿತು. ಆರನೇ ಒಂದು ಭಾಗ ಹಾಸಿಗೆ ಮೇಲೆ ಬಿತ್ತು. ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಎಲ್ಲೆಲ್ಲೋ ಚೆಲ್ಲಿತು. ಕೊನೆಗೆ ಉಳಿದದ್ದು 1,161. ಹಾರದಲ್ಲಿ ಒಟ್ಟು ಎಷ್ಟು ಮುತ್ತು? (ಮೂಲದಲ್ಲಿ ಅದು ಪ್ರಣಯದ ಜಗಳ. ಎಂಟನೇ ತರಗತಿಗೆ ಬರೀ ಜಗಳ ಸಾಕು ಅನ್ನಿಸಿತು.)

ಎಕ್ಸ್ ಬೇಡ, ಹಿಂದಕ್ಕೆ ನಡೆಯಿರಿ ಅಂದೆ. ಅರ್ಧ ಹೋಗಿ ಇಷ್ಟು ಉಳಿದಿದ್ದರೆ, ಅದಕ್ಕೆ ಮೊದಲು ಇದರ ಎರಡರಷ್ಟು ಇತ್ತು, ಅಲ್ವಾ? 2,322, 4,644, 9,288, 18,576, 37,152, 74,304. ಆರು ಸಲ ಮುಗಿಯಿತು. ಮೂರನೇ ಒಂದಕ್ಕೆ ಆರನೇ ಒಂದು ಕೂಡಿಸಿದರೆ ಅದೂ ಅರ್ಧವೇ. ಇನ್ನೊಂದು ಸಲ ಎರಡರಿಂದ ಗುಣಿಸಿದರೆ 1,48,608.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. “ಸರ್, ಆಕಿ ಕುತ್ತಿಗಿ ಉಳೀತೇನ್ರಿ?”

ಇಡೀ ತರಗತಿ ನಕ್ಕಿತು. ನಾನೂ ಮನಸಾರೆ ನಕ್ಕೆ. ನನಗೆ ಬೇಕಿದ್ದದ್ದು ಅದೇ ಪ್ರಶ್ನೆ. ಉತ್ತರ ಬಂದ ಮೇಲೆ ಅದನ್ನು ತೂಗಿ ನೋಡುವುದು ನಮ್ಮ ಪಾಠಗಳಲ್ಲಿ ತೀರಾ ಕಡಿಮೆ.

ಮರುದಿನ ಒಬ್ಬಳು ಮನೆಯಿಂದ ಜೋಳ ತಂದಳು. ಮುತ್ತು ಜೋಳದ ಕಾಳಿನಷ್ಟೇ ಸಣ್ಣದು ಅಂದುಕೊಳ್ಳೋಣ ಅಂದೆ. ನೂರು ಕಾಳು ಎಣಿಸಿ ಲ್ಯಾಬಿನ ತಕ್ಕಡಿಗೆ ಹಾಕಿದೆವು: 3 ಗ್ರಾಂ. ಹಾಗಾದರೆ ಹಾರ ಸುಮಾರು ನಾಲ್ಕೂವರೆ ಕಿಲೋ! ಮುತ್ತು ಜೋಳಕ್ಕಿಂತ ಭಾರ, ಆದ್ದರಿಂದ ನಿಜವಾದ ತೂಕ ಇನ್ನೂ ಜಾಸ್ತಿ. ಹತ್ತು ಕಾಳು ಸಾಲಾಗಿ ಇಟ್ಟರೆ 4 ಸೆಂಟಿಮೀಟರ್. ಅಂದರೆ ಹಾರದ ಉದ್ದ ಸುಮಾರು 594 ಮೀಟರ್. ಟೇಪು ಹಿಡಿದು ಶಾಲೆ ಗೇಟಿನಿಂದ ಅಳೆಯುತ್ತಾ ಹೊರಟೆವು. ಹಾರ ಊರು ದಾಟಿ ಹೊಲಕ್ಕೆ ಇಳಿಯಿತು.

ಅದೇ ಪುಸ್ತಕದಲ್ಲಿ ಅಂಕಿಗಳ ಹಾರಗಳೂ ಇವೆ. 152207ನ್ನು 73ರಿಂದ ಗುಣಿಸಿದರೆ 11111111. ಮಕ್ಕಳು ಕೈಯಲ್ಲೇ ಗುಣಿಸಿದರು. ಗುಣಾಕಾರ ಅಂದರೆ ಗೊಣಗುವವರೇ, ಒಂದರ ಪಕ್ಕ ಒಂದು ಬೀಳುತ್ತಾ ಹೋದಾಗ ಕೂಗಾಡಿಬಿಟ್ಟರು.

ಆ ವಾರ ಮನೆಗೆಲಸ ಕೊಡಲಿಲ್ಲ. ನೀವೇ ಒಂದು ಲೆಕ್ಕ ಕಟ್ಟಿ ತನ್ನಿ ಅಂದೆ. ಜೋಳ ತಂದವಳ ಲೆಕ್ಕ ಇದು: ಜಾತ್ರೆಯಲ್ಲಿ ಚುರುಮುರಿ ಪೊಟ್ಟಣ ಹರಿಯಿತು. ಅರ್ಧ ಗಾಳಿಗೆ ಹಾರಿತು. ಉಳಿದದ್ದರಲ್ಲಿ ಮೂರನೇ ಒಂದು ಭಾಗ ಆಡು ತಿಂದಿತು. ನನ್ನ ತಮ್ಮನಿಗೆ ಸಿಕ್ಕಿದ್ದು 50 ಕಾಳು. ಅವನು ಎಷ್ಟು ಕಾಳಿಗಾಗಿ ಅಳಬೇಕು?