ಕರೆಂಟು, ನೀರು, ಫೋನು: ದೂರನ್ನು ಯಾರ ಹತ್ತಿರ ಒಯ್ಯಬೇಕು? ಬೆಂಗಳೂರಿಗೆ ಬಂದ ಹೊಸಬರಿಗೆ ಮಾರ್ಗದರ್ಶಿ

ಹುಬ್ಬಳ್ಳಿಯಿಂದ ಬಂದವರಿಗೆ ಹೆಸ್ಕಾಂ ಗೊತ್ತು. ಕಲಬುರಗಿಯವರಿಗೆ ಜೆಸ್ಕಾಂ, ಮಂಗಳೂರಿನವರಿಗೆ ಮೆಸ್ಕಾಂ. ಬೆಂಗಳೂರಿನಲ್ಲಿ ಕರೆಂಟ್ ಕೊಡುವುದು ಬೆಸ್ಕಾಂ. ಬಂದ ಮೊದಲ ತಿಂಗಳ ಬಿಲ್ ನೋಡಿದಾಗಲೇ ಇಷ್ಟು ಎಲ್ಲರಿಗೂ ತಿಳಿಯುತ್ತದೆ. ಈ ಕಂಪನಿಗಳ ಮೇಲೆ ಒಂದು ಆಯೋಗ ಇದೆ, ಅದರ ಮುಂದೆ ಸಾಮಾನ್ಯ ಗ್ರಾಹಕರೂ ಹೋಗಿ ಮಾತಾಡಬಹುದು ಅನ್ನೋದು ಮಾತ್ರ ವರ್ಷಗಟ್ಟಲೆ ಇಲ್ಲಿರುವ ಎಷ್ಟೋ ಜನಕ್ಕೂ ಗೊತ್ತಿಲ್ಲ. ನಮ್ಮ ಸಂಘಕ್ಕೆ ಬರುವ ಹೊಸ ಕುಟುಂಬಗಳು ಮೊದಲು ಕೇಳುವುದು ಶಾಲೆ, ಬಾಡಿಗೆ, ಕರೆಂಟ್ ಬಿಲ್ ಬಗ್ಗೆ. ಶಾಲೆ, ಬಾಡಿಗೆಯ ವಿಷಯ ಬೇರೆ ಬರೆದಿದ್ದೇವೆ. ಇದು ಬಿಲ್ ವಿಷಯ.

ಆಯೋಗ ಅಂದರೆ ಯಾರು?

ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಎಲ್ಲರೂ ಕೆಇಆರ್‌ಸಿ ಅಂತಲೇ ಕರೆಯುತ್ತಾರೆ. 1999ರ ರಾಜ್ಯ ಕಾಯ್ದೆಯಿಂದ ಹುಟ್ಟಿದ್ದು. ಕಚೇರಿ ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬೆಡ್ ಏರಿಯಾದಲ್ಲಿದೆ. ಒಬ್ಬರು ಅಧ್ಯಕ್ಷರು, ಇಬ್ಬರು ಸದಸ್ಯರು. ಇದು ಸರ್ಕಾರದ ಇಲಾಖೆ ಅಲ್ಲ, ಬೆಸ್ಕಾಂನ ಭಾಗವೂ ಅಲ್ಲ. ಕೋರ್ಟಿನ ಹಾಗೆ ಎರಡೂ ಕಡೆಯವರ ಮಾತು ಕೇಳಿ ಆದೇಶ ಕೊಡುತ್ತದೆ. ಆ ಆದೇಶ ಒಪ್ಪದವರು ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು.

ಇಂಥದ್ದು ಯಾಕೆ ಬೇಕು? ತರಕಾರಿ ಅಂಗಡಿಯಲ್ಲಿ ರೇಟ್ ಜಾಸ್ತಿ ಅನ್ನಿಸಿದರೆ ಪಕ್ಕದ ಅಂಗಡಿಗೆ ಹೋಗಬಹುದು. ಕರೆಂಟ್ ವಿಷಯದಲ್ಲಿ ಅದು ಆಗಲ್ಲ. ನಿಮ್ಮ ಬೀದಿಯಲ್ಲಿ ಇರುವುದು ಒಂದೇ ಕಂಬ, ಒಂದೇ ಲೈನ್. ಹಾಗಾಗಿ ಮಾರುವವರೇ ಬೆಲೆ ಕಟ್ಟುವುದನ್ನು ಕಾನೂನು ಒಪ್ಪುವುದಿಲ್ಲ. ಬೆಸ್ಕಾಂ ತನ್ನ ಖರ್ಚು, ವರಮಾನದ ಲೆಕ್ಕವನ್ನು ಆಯೋಗದ ಮುಂದೆ ಇಡಬೇಕು. ಜನರಿಂದ ಆಕ್ಷೇಪಣೆ ಕರೆಯಬೇಕು. ಬಹಿರಂಗ ವಿಚಾರಣೆ ಆಗಬೇಕು. ಆಮೇಲೆ ದರ.

ಇದು ಬರೀ ಕಾಗದದ ಮೇಲಿನ ಮಾತಲ್ಲ. 2023ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಯೂನಿಟ್‌ಗೆ ಸರಾಸರಿ 1 ರೂಪಾಯಿ 39 ಪೈಸೆ ಏರಿಸಿ ಅಂತ ಕೇಳಿದ್ದವು. ಆಯೋಗ ಕೊಟ್ಟದ್ದು 70 ಪೈಸೆ. ಆದೇಶ ಬಂದದ್ದು ಮೇ ತಿಂಗಳಲ್ಲಿ, ಲಾಗೂ ಆದದ್ದು ಏಪ್ರಿಲ್ 1ರಿಂದ. ಹಿಂದಿನ ಬಾಕಿಯೂ ಸೇರಿ ಜೂನ್ ಬಿಲ್ ದಪ್ಪಗೆ ಬಂತು, ಜನ ಸಿಟ್ಟಾದರು. ಸಿಟ್ಟು ಸಹಜವೇ. ಆದರೆ ಆ 70 ಪೈಸೆಯ ಹಿಂದೆ ಯಾರು ಏನು ಕೇಳಿದರು, ಕಂಪನಿ ಏನು ಉತ್ತರ ಕೊಟ್ಟಿತು, ಆಯೋಗ ಏನಂದಿತು ಅನ್ನೋದೆಲ್ಲ ಆದೇಶದಲ್ಲಿ ಅಚ್ಚಾಗಿರುತ್ತದೆ, ಯಾರು ಬೇಕಾದರೂ ಓದಬಹುದು. ಇಷ್ಟು ತೆರೆದು ತೋರಿಸುವ ಕಚೇರಿಗಳು ನಮ್ಮಲ್ಲಿ ಜಾಸ್ತಿ ಇಲ್ಲ.

ಬಿಲ್ ಕೈಗೆ ಬಂದಾಗ

ಮೀಟರ್ ರೀಡರ್ ಸಣ್ಣ ಮಷಿನ್‌ನಿಂದ ಹರಿದುಕೊಡುವ ಉದ್ದನೆಯ ಚೀಟಿ, ಅದೇ ಬಿಲ್. ಬಂದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ, ಆ ಕಾಗದದ ಅಕ್ಷರ ಬೇಗ ಮಾಸಿಹೋಗುತ್ತದೆ. ಮೇಲ್ಗಡೆ ಆರ್‌ಆರ್ ನಂಬರ್ (ನಿಮ್ಮ ಕನೆಕ್ಷನ್‌ನ ಗುರುತಿನ ಸಂಖ್ಯೆ) ಮತ್ತು ಅಕೌಂಟ್ ಐಡಿ ಇರುತ್ತವೆ. ಯಾವ ದೂರಿಗೂ ಮೊದಲು ಕೇಳುವುದು ಇವನ್ನೇ. ಕೆಳಗೆ ಮಂಜೂರಾದ ಲೋಡ್, ಹಿಂದಿನ ರೀಡಿಂಗ್, ಈಗಿನ ರೀಡಿಂಗ್.

ಹಣದ ಲೆಕ್ಕ ಹೀಗೆ ನೋಡಿ. 2025ರ ಮಾರ್ಚ್‌ನ ಆದೇಶದ ಪ್ರಕಾರ 2025-26ಕ್ಕೆ ಮನೆಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ನಿಗದಿತ ಶುಲ್ಕ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ. ಮನೆಗೆ 3 ಕಿಲೋವ್ಯಾಟ್ ಮಂಜೂರಾಗಿದೆ, 150 ಯೂನಿಟ್ ಬಳಸಿದ್ದೀರಿ ಅಂತಿಟ್ಟುಕೊಳ್ಳಿ. ನಿಗದಿತ ಶುಲ್ಕ 435, ಯೂನಿಟ್ ಹಣ 870. ಇದರ ಮೇಲೆ ಶೇ 9 ವಿದ್ಯುತ್ ತೆರಿಗೆ, ನೌಕರರ ಪಿಂಚಣಿ ಬಾಬ್ತು ಯೂನಿಟ್‌ಗೆ 36 ಪೈಸೆ. ಜೊತೆಗೆ ಕರೆಂಟ್ ಖರೀದಿಯ ಖರ್ಚು ಏರಿಳಿದಂತೆ ತಿಂಗಳು ತಿಂಗಳು ಬದಲಾಗುವ ಹೊಂದಾಣಿಕೆ ಶುಲ್ಕ. ನಿಗದಿತ ಶುಲ್ಕ ನೀವು ಊರಿಗೆ ಹೋಗಿ ಮನೆ ಬೀಗ ಹಾಕಿದ್ದರೂ ಬೀಳುತ್ತದೆ. ಆದೇಶ ಮೂರು ವರ್ಷಕ್ಕೆ ಸೇರಿಯೇ ಬಂದಿದೆ, ವರ್ಷ ವರ್ಷ ಅಂಕಿ ಬದಲಾಗುತ್ತದೆ. ನಿಮ್ಮ ಬಿಲ್‌ನಲ್ಲಿರುವುದನ್ನು ಆ ವರ್ಷದ ದರಪಟ್ಟಿ ಜೊತೆ ತಾಳೆ ನೋಡಿ.

ಮೀಟರ್ ಜೋರಾಗಿ ಓಡ್ತಿದೆ ಅನ್ನಿಸಿದರೆ ಸುಮ್ನೆ ಗೊಣಗುತ್ತಾ ಕೂರಬೇಡಿ. ರೀಡಿಂಗ್ ಬಗ್ಗೆ ದೂರು ಕೊಟ್ಟರೆ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಇಟ್ಟು ಮೂರು ತಿಂಗಳು ಹೋಲಿಸಬೇಕು ಅಂತ ಕೇಂದ್ರದ ಗ್ರಾಹಕ ಹಕ್ಕು ನಿಯಮಗಳಿಗೆ 2024ರಲ್ಲಿ ತಿದ್ದುಪಡಿ ಆಗಿದೆ. ಮಹಾನಗರದಲ್ಲಿ ಅರ್ಜಿ ಸರಿಯಿದ್ದರೆ ಹೊಸ ಕನೆಕ್ಷನ್ ಮೂರು ದಿನದಲ್ಲಿ ಕೊಡಬೇಕು ಅನ್ನೋದೂ ಅದೇ ತಿದ್ದುಪಡಿ. ಸ್ವಂತ ಮನೆ ಕೊಳ್ಳುವವರು ಇಲ್ಲಿ ಎಚ್ಚರವಾಗಿರಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ, ಅಂದರೆ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಗಳಿಗೆ ಕರೆಂಟ್, ನೀರಿನ ಕನೆಕ್ಷನ್ ಸಿಗುವುದು ಕಷ್ಟವಾಗಿದೆ. ಸಣ್ಣ ನಿವೇಶನಗಳ ನಿಯಮ ಬದಲಾಗುತ್ತಾ ಬಂದಿದೆ. ಅಡ್ವಾನ್ಸ್ ಕೊಡುವ ಮೊದಲೇ ಓಸಿ ಕೇಳಿ, ಈಗಿನ ನಿಯಮವನ್ನು ಬೆಸ್ಕಾಂ ಸಬ್‌ಡಿವಿಷನ್ ಕಚೇರಿಯಲ್ಲಿ ವಿಚಾರಿಸಿ.

ಬಾಡಿಗೆ ಮನೆಯವರು ಇದನ್ನು ತಪ್ಪದೇ ಓದಿ

ನಮ್ಮ ಹತ್ತಿರ ಬರುವ ದೂರುಗಳಲ್ಲಿ ಮನಸ್ಸಿಗೆ ಹೆಚ್ಚು ನೋವಾಗುವುದು ಇದೇ. ರಾಣೆಬೆನ್ನೂರಿನ ಕಡೆಯಿಂದ ಬಂದ ಒಂದು ಕುಟುಂಬ ಮೂರು ಮಹಡಿಯ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗಿತ್ತು. ಇಡೀ ಕಟ್ಟಡಕ್ಕೆ ಒಂದೇ ಆರ್‌ಆರ್ ನಂಬರ್. ಪ್ರತಿ ಮನೆಗೆ ಮಾಲೀಕರೇ ಒಂದೊಂದು ಸಬ್‌ಮೀಟರ್ ಹಾಕಿಸಿ, ಯೂನಿಟ್‌ಗೆ 10 ರೂಪಾಯಿಯಂತೆ ವಸೂಲಿ ಮಾಡುತ್ತಿದ್ದರು. ತಿಂಗಳ ಕೊನೆಗೆ ಒಂದು ಚೀಟಿಯಲ್ಲಿ ಪೆನ್ನಿನಿಂದ ಬರೆದ ಒಂದು ಮೊತ್ತ, ಅಷ್ಟೇ. ಅಸಲಿ ಬಿಲ್ ಅವರು ಕಂಡೇ ಇರಲಿಲ್ಲ.

ಇಲ್ಲಿ ಎರಡು ನಷ್ಟ. ಒಂದು, ಲೈಸೆನ್ಸ್ ಇಲ್ಲದೆ ಕರೆಂಟ್ ವ್ಯಾಪಾರ ಮಾಡುವಂತಿಲ್ಲ ಅಂತ 2003ರ ವಿದ್ಯುತ್ ಕಾಯ್ದೆ ಹೇಳುತ್ತದೆ. ಅಸಲಿ ಬಿಲ್‌ನ ಪಾಲು ಹಂಚಿಕೊಳ್ಳುವುದು ಒಂದು, ಅದರ ಮೇಲೆ ಲಾಭ ಇಟ್ಟು ಮಾರುವುದೇ ಇನ್ನೊಂದು. ಎರಡು, ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ. ಮೂರು ಮನೆ ತಲಾ 90 ಯೂನಿಟ್ ಬಳಸಿದರೆ ಒಂದೇ ಮೀಟರ್‌ನಲ್ಲಿ 270 ಆಯಿತು. 200 ದಾಟಿದ ಕೂಡಲೇ ಪೂರ್ತಿ ಬಿಲ್ ಕಟ್ಟಬೇಕು. ಮೂರಕ್ಕೂ ಬೇರೆ ಬೇರೆ ಮೀಟರ್ ಇದ್ದಿದ್ದರೆ ಮೂವರಿಗೂ ಯೋಜನೆ ಸಿಗುತ್ತಿತ್ತು. ಪ್ರತ್ಯೇಕ ಮೀಟರ್ ಹಾಕಿಸಲು ಆ ಮಾಲೀಕರ ಮನವೊಲಿಸಲು ಸಂಘದ ಹಿರಿಯರು ಜೊತೆಗೆ ಹೋಗಬೇಕಾಯಿತು. ಒಪ್ಪಿದರು. ಎಲ್ಲರೂ ಒಪ್ಪುವುದಿಲ್ಲ. ಅದಕ್ಕೇ ಮನೆ ನೋಡುವಾಗಲೇ ಕೇಳಿಬಿಡಿ: ‘ಈ ಮನೆಗೆ ಬೇರೆ ಆರ್‌ಆರ್ ನಂಬರ್ ಇದೆಯಾ ಸಾರ್? ಹಳೇ ಬಾಕಿ ಏನಾದ್ರೂ ಇದೆಯಾ?’ ಬಾಕಿ ಆ ಜಾಗದ ಬೆನ್ನು ಬಿಡುವುದಿಲ್ಲ, ನಿಮ್ಮ ತಲೆಗೂ ಬರಬಹುದು.

ಗೃಹಜ್ಯೋತಿ 2023ರಲ್ಲಿ ಶುರುವಾಯಿತು, ಬಾಡಿಗೆದಾರರಿಗೂ ಇದೆ. 200 ಯೂನಿಟ್ ಎಲ್ಲರಿಗೂ ಉಚಿತ ಅಂತ ತಿಳಿಯಬೇಡಿ. ಆ ಮೀಟರ್‌ನ ಹಿಂದಿನ ಸರಾಸರಿಗೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿದ ಲೆಕ್ಕ ನಿಮ್ಮ ಪಾಲು. ಹಿಂದಿನ ಲೆಕ್ಕ ಇಲ್ಲದ ಹೊಸ ಮೀಟರ್‌ಗೆ 53 ಯೂನಿಟ್ ಮತ್ತು ಅದರ ಮೇಲೆ ಶೇ 10. ಪಾಲು ದಾಟಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. ಊರಲ್ಲಿ ಬಿಟ್ಟುಬಂದ ಮನೆಗೆ ನಿಮ್ಮ ಆಧಾರ್ ಜೋಡಣೆ ಆಗಿದ್ದರೆ ಮೊದಲು ಅದನ್ನು ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ, ಆಮೇಲೆ ಇಲ್ಲಿ ನೋಂದಾಯಿಸಿ. ನಿಮಗಿಂತ ಮೊದಲು ಇಲ್ಲಿದ್ದವರ ಹೆಸರೂ ಹಾಗೇ ತೆಗೆಸಬೇಕಾಗಬಹುದು. ಬೆಸ್ಕಾಂಗೆ ಈ ಹಣ ಕಟ್ಟಿಕೊಡಬೇಕಾದದ್ದು ಸರ್ಕಾರ. ಯಾವುದೇ ಸಬ್ಸಿಡಿ ಹಣವನ್ನು ಸರ್ಕಾರ ಮುಂಗಡವಾಗಿಯೇ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ದರ ನಿಗದಿ ಆಯೋಗದ ಕೆಲಸ, ರಿಯಾಯಿತಿ ಸರ್ಕಾರದ ಕೆಲಸ. ಇವೆರಡನ್ನೂ ಬೆರೆಸಿ ದೂರು ಬರೆದರೆ ಅದು ಎಲ್ಲಿಗೂ ಮುಟ್ಟುವುದಿಲ್ಲ.

ದೂರಿನ ದಾರಿ

ಕರೆಂಟ್ ಹೋದರೆ 1912. ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಲೈನ್‌ಮ್ಯಾನ್ ಪರಿಚಯ ಇದ್ದರೂ 1912ಕ್ಕೆ ಮಾಡಲೇಬೇಕು, ಅಲ್ವಾ? ಯಾಕೆಂದರೆ ನಂಬರ್ ಇಲ್ಲದ ದೂರು ಲೆಕ್ಕಕ್ಕೇ ಬರುವುದಿಲ್ಲ. ಯಾವ ಕೆಲಸ ಎಷ್ಟು ಹೊತ್ತಿನಲ್ಲಿ ಆಗಬೇಕು ಅಂತ ಆಯೋಗ ಗಡುವು ಹಾಕಿದೆ. ನಗರದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ 24 ಗಂಟೆ, ಹಳ್ಳಿಯಲ್ಲಿ 72. ಗಡುವು ಮೀರಿದರೆ ಪರಿಹಾರ ಕೇಳುವ ಹಕ್ಕಿದೆ, ಅದಕ್ಕೆ ಆಧಾರ ಆ ನಂಬರೇ.

ಬಿಲ್ ತಪ್ಪಿದ್ದರೆ ಸಬ್‌ಡಿವಿಷನ್‌ನ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರಿಗೆ ಅರ್ಜಿ ಬರೆಯಿರಿ, ಕನ್ನಡದಲ್ಲೇ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸಾಮಾನ್ಯವಾಗಿ ತಿಂಗಳ ಮೂರನೇ ಶನಿವಾರ ಗ್ರಾಹಕರ ಸಭೆ ನಡೆಯುತ್ತದೆ, ಅಲ್ಲಿಗೂ ಹೋಗಿ. ಎಷ್ಟೋ ತಕರಾರು ಅಲ್ಲೇ ಮುಗಿಯುತ್ತವೆ. ಆಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಅಲ್ಲೂ ಸಮಾಧಾನ ಆಗದಿದ್ದರೆ ಆಯೋಗ ನೇಮಿಸಿದ ವಿದ್ಯುತ್ ಒಂಬುಡ್ಸ್‌ಮನ್. ಒಂದೊಂದೇ ಮೆಟ್ಟಿಲು ಹತ್ತಬೇಕು, ಇಂಥ ದೂರು ಹಿಡಿದು ನೇರ ಆಯೋಗಕ್ಕೆ ಹೋದರೆ ವಾಪಸ್ ಕಳಿಸುತ್ತಾರೆ. ಕರೆಂಟ್ ಕಳವು ಅಥವಾ ಅನಧಿಕೃತ ಬಳಕೆ ಅಂತ ಹಾಕಿದ ದಂಡಕ್ಕೆ ಈ ದಾರಿ ಅಲ್ಲ, ಅದಕ್ಕೆ ಬೇರೆ ಮೇಲ್ಮನವಿ ಇದೆ.

ತಕರಾರು ನಡೆಯುವಾಗ ಬಿಲ್ ಕಟ್ಟದೇ ಇರಬೇಡಿ. ಬಾಕಿಗಾಗಿ ಕರೆಂಟ್ ತೆಗೆಯಬೇಕಾದರೆ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು ಅಂತ ವಿದ್ಯುತ್ ಕಾಯ್ದೆಯ 56ನೇ ಕಲಮು ಹೇಳುತ್ತದೆ. ಅದೇ ಕಲಮಿನಲ್ಲಿ ಬಹಳ ಉಪಯೋಗದ ಇನ್ನೊಂದು ಮಾತಿದೆ. ಕೇಳಿದ ಮೊತ್ತ, ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ‘ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ’ ಅಂತ ಬರೆದು ಕಟ್ಟಿದರೆ, ತಕರಾರು ತೀರುವವರೆಗೆ ಕರೆಂಟ್ ತೆಗೆಯುವಂತಿಲ್ಲ. ವಯಸ್ಸಾದವರು, ಪರೀಕ್ಷೆ ಬರೆಯುವ ಮಕ್ಕಳು ಇರುವ ಮನೆಗೆ ಇದು ದೊಡ್ಡ ರಕ್ಷಣೆ.

ನೀರಿಗೆ ಆಯೋಗ ಇಲ್ಲ

ನೀರು ಕೊಡುವುದು ಜಲಮಂಡಳಿ, 1964ರ ಕಾಯ್ದೆಯದು. ಸಹಾಯವಾಣಿ 1916. ಆದರೆ ಕರೆಂಟ್‌ಗೆ ಇರುವಂಥ ಸ್ವತಂತ್ರ ಆಯೋಗ ನೀರಿಗೆ ಇಲ್ಲ. ದರವನ್ನು ಮಂಡಳಿಯೇ ಸರ್ಕಾರದ ಒಪ್ಪಿಗೆ ಪಡೆದು ನಿಗದಿ ಮಾಡುತ್ತದೆ. 2014ರ ನಂತರ ದರ ಏರಿದ್ದು 2025ರ ಏಪ್ರಿಲ್‌ನಲ್ಲಿ. ಟ್ಯಾಂಕರ್ ವ್ಯಾಪಾರದಲ್ಲಂತೂ ಕೇಳುವವರೇ ಇರಲಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ರೇಟ್ ಗಗನಕ್ಕೆ ಹೋದಾಗ ಜಿಲ್ಲಾಡಳಿತ ಮಧ್ಯೆ ಬಂದು, 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600, 12,000 ಲೀಟರ್‌ಗೆ 1,000 ರೂಪಾಯಿ ಅಂತ ಕೆಲವು ತಿಂಗಳಿಗೆ ದರ ಕಟ್ಟಿತು. ಟ್ಯಾಂಕರ್‌ನವರು ಬಹಳ ಜನ ಇದ್ದರೂ ನೀರೇ ಇಲ್ಲದಾಗ ಪೈಪೋಟಿಯಿಂದ ಬೆಲೆ ಇಳಿಯುವುದಿಲ್ಲ ಅಂತ ಆವತ್ತು ಊರೆಲ್ಲ ಕಂಡಿತು. ನೀರಿಗೂ ಒಂದು ಆಯೋಗ ಬೇಕು ಅನ್ನೋದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ, ಮನೆ ನೋಡುವಾಗ ಕಾವೇರಿ ಕನೆಕ್ಷನ್ ಇದೆಯಾ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ ಅಂತ ಅಕ್ಕಪಕ್ಕದ ಮನೆಯವರನ್ನೇ ಕೇಳಿ.

ಫೋನಿನಲ್ಲಿ ಕಂಪನಿ ಬದಲಿಸುವ ಹಕ್ಕು

ಫೋನ್ ಕಂಪನಿಗಳು ಹಲವು. ಹಾಗಾಗಿ 1997ರ ಕಾಯ್ದೆಯಿಂದ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಮೊಬೈಲ್ ಪ್ಲಾನ್‌ಗಳ ಬೆಲೆಯನ್ನು ಹೆಚ್ಚಾಗಿ ಕಂಪನಿಗಳಿಗೇ ಬಿಟ್ಟು, ನೀವು ಸುಲಭವಾಗಿ ಕಂಪನಿ ಬದಲಿಸುವಂತೆ ನೋಡಿಕೊಳ್ಳುತ್ತದೆ. 2011ರ ಜನವರಿಯಿಂದ ದೇಶದ ಎಲ್ಲ ಕಡೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಇಂಗ್ಲಿಷ್‌ನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಕಳಿಸಿದರೆ ಕೋಡ್ ಬರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಕರ್ನಾಟಕ ಪೂರ್ತಿ ಒಂದೇ ಸರ್ಕಲ್, ಬೀದರ್‌ನಿಂದ ಬಂದವರಿಗೂ ಏನೂ ಬದಲಾಗುವುದಿಲ್ಲ. ಮುಂಬೈ, ಸೊಲ್ಲಾಪುರದ ಕಡೆಯಿಂದ ಬಂದವರಿಗೆ ಮಾತ್ರ ಎರಡು ದಿನ ಹೆಚ್ಚು ಹಿಡಿಯುತ್ತದೆ. ಟ್ರಾಯ್ ಒಬ್ಬೊಬ್ಬರ ದೂರು ತೆಗೆದುಕೊಳ್ಳುವುದಿಲ್ಲ. ಮೊದಲು ಕಂಪನಿಯ ಕಸ್ಟಮರ್ ಕೇರ್, ಆಮೇಲೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿ. ಇದಕ್ಕೆ ಶುಲ್ಕ ಇಲ್ಲ.

ಯಾವ ಸೇವೆಗೇ ಆಗಲಿ ಕೊನೆಗೆ ಗ್ರಾಹಕರ ಆಯೋಗ ಇದ್ದೇ ಇದೆ. 2019ರ ಕಾಯ್ದೆಯಡಿ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ. ಸಲಹೆಗೆ 1915ಕ್ಕೆ ಫೋನ್ ಮಾಡಿ.

ವಿಚಾರಣೆಗೆ ಬನ್ನಿ

ಬೆಸ್ಕಾಂ ದರದ ಅರ್ಜಿ ಹಾಕಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಉದ್ಯಮದವರು, ದೊಡ್ಡ ಗ್ರಾಹಕರು ಲೆಕ್ಕ ಹಿಡಿದು ವಕೀಲರ ಜೊತೆ ಬರುತ್ತಾರೆ. ಮನೆ ನಡೆಸುವವರು ಬರುವುದು ಕಡಿಮೆ, ಹಾಗಾಗಿ ಅವರ ಕಷ್ಟ ದಾಖಲೆಗೆ ಸೇರುವುದೂ ಕಡಿಮೆ. ಆಕ್ಷೇಪಣೆಯನ್ನು ಕನ್ನಡದಲ್ಲಿ ಬರೆಯಬಹುದು, ಎದ್ದು ನಿಂತು ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಪ್ರಕಟಣೆ ಬಂದಾಗ ಸಂಘದಿಂದ ಒಂದು ಆಕ್ಷೇಪಣೆ ಬರೆಯುತ್ತೇವೆ. ಅದಕ್ಕೆ ನಿಮ್ಮ ಕಳೆದ ಆರು ತಿಂಗಳ ಬಿಲ್‌ಗಳ ಫೋಟೊ, 1912ರ ದೂರಿನ ನಂಬರ್‌ಗಳು ಬೇಕು. ಭಾನುವಾರ ಸಂಘಕ್ಕೆ ಬರುವಾಗ ತಂದುಕೊಡಿ. ಅರ್ಜಿ ಬರೆಯುವುದು ಕಷ್ಟ ಅನ್ನುವ ಹಿರಿಯರಿಗೆ ಅಲ್ಲೇ ಕೂತು ಬರೆದುಕೊಡುತ್ತೇವೆ.