ಧಾರವಾಡದ ಮಳೆಗಾಲದಲ್ಲಿ ಪೈಪ್ ಕಲಿತದ್ದು

ನಮ್ಮಜ್ಜ ಚಿಲುಮಿ ಸೇದುತ್ತಿದ್ದರು. ನವಲಗುಂದದ ಕಡೆ ಎರೆಭೂಮಿಯ ಊರು ಅದು. ಸಂಜೆ ಕಟ್ಟೆ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದರು. ಒಮ್ಮೆ ಮುಷ್ಟಿ ಬಿಗಿ ಹಿಡಿದು, ಬಿಟ್ಟು ನೋಡುತ್ತಿದ್ದರು. "ಹಿಡಿದ್ರ ಉಂಡಿ ಆಗಬಾರ್ದು, ಬಿಟ್ರ ಪುಡಿ ಆಗಬಾರ್ದು" ಅನ್ನುತ್ತಿದ್ದರು. ಚಿಲುಮಿಯ ತಳಕ್ಕೆ ಒಂದು ಸಣ್ಣ ಹರಳು ಹಾಕಿ, ಹಿಡಿಯುವ ಕಡೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ನನಗೆ ಆಗ ಹತ್ತು ವರ್ಷ. ಬಟ್ಟೆ ಒದ್ದೆ ಇರಬೇಕು, ತಂಬಾಕು ಒದ್ದೆ ಇರಬಾರದು, ಇದೇನು ಲೆಕ್ಕ ಅಂತ ಅನ್ನಿಸುತ್ತಿತ್ತು. ಕೇಳಲಿಲ್ಲ.

ಈಗ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತೇನೆ. ಮನೆ ಧಾರವಾಡದ ಸಪ್ತಾಪುರದಲ್ಲಿ. ಆರು ವರ್ಷದ ಹಿಂದೆ ದುರ್ಗದಬೈಲ್ ಹತ್ತಿರ ಹಳೇ ಸಾಮಾನಿನ ಅಂಗಡಿಯಲ್ಲಿ ತಂಬಾಕು ಸೇದುವ ಒಂದು ಪೈಪ್ ಕಣ್ಣಿಗೆ ಬಿತ್ತು. 300 ರೂಪಾಯಿ ಅಂದರು, ಚೌಕಾಸಿ ಮಾಡದೆ ಕೊಟ್ಟೆ. ಬಾಯಿಗೆ ಹಿಡಿಯುವ ಕೊಳವೆ ಹಸಿರುಗಟ್ಟಿತ್ತು. ತಂಬಾಕು ತುಂಬುವ ಬಟ್ಟಲೊಳಗೆ ಕಿರುಬೆರಳೂ ಹೋಗದಷ್ಟು ಮಸಿ. ಸೇದುವ ಆಸೆಯೇನೂ ಇರಲಿಲ್ಲ. ಮೆಷಿನ್ ಕೆಲಸದವನಿಗೆ ಕೆಟ್ಟುಹೋದ ಸಾಮಾನು ಕಂಡರೆ ಕೈ ಸುಮ್ನೆ ಇರುವುದಿಲ್ಲ, ಅಷ್ಟೇ.

ಸರಿ ಮಾಡುತ್ತಾ ಮಾಡುತ್ತಾ ಒಂದೊಂದೇ ತಿಳಿಯಿತು. ಆ ಮರದ ಹೆಸರು ಬ್ರೈಯರ್. ಮೆಡಿಟರೇನಿಯನ್ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಅನ್ನುವ ಪೊದೆಗಿಡದ್ದು. ಕಾಂಡವೂ ಅಲ್ಲ, ಕೊಂಬೆಯೂ ಅಲ್ಲ. ಬೇರು ಮತ್ತು ಕಾಂಡ ಕೂಡುವ ಜಾಗದಲ್ಲಿ ಮಣ್ಣೊಳಗೆ ಬೆಳೆಯುವ ಗಂಟು. ಅದನ್ನು ಅಗೆದು, ತುಂಡು ಮಾಡಿ, ನೀರಲ್ಲಿ ಗಂಟೆಗಟ್ಟಲೆ ಕುದಿಸಿ ರಸ ಬಿಡಿಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೆಂಕಿ ಇಟ್ಟರೂ ಸುಲಭಕ್ಕೆ ಸುಡುವುದಿಲ್ಲ. ಫ್ರಾನ್ಸಿನ ಸಾಂ-ಕ್ಲೋದ್ ಊರು 1850ರ ದಶಕದಿಂದ ಇದೇ ಕೆಲಸಕ್ಕೆ ಹೆಸರಾಗಿದೆ.

ಕೊಳವೆ ವಲ್ಕನೈಟ್. ಹಳೇ ಫೌಂಟನ್ ಪೆನ್ನಿನ ಎಬೊನೈಟ್ ಇದೆಯಲ್ಲ, ಅದೇ ವಸ್ತು. ರಬ್ಬರಿಗೆ ಗಂಧಕ ಸೇರಿಸಿ ಬೇಯಿಸಿದ್ದು. ವರ್ಷಗಟ್ಟಲೆ ಬಿಸಿಲು, ಗಾಳಿ ತಾಗಿದರೆ ಮೇಲೆ ಹಸಿರು-ಕಂದು ಬಣ್ಣ ಏಳುತ್ತದೆ, ರುಚಿಯೂ ಕೆಡುತ್ತದೆ. ಒರಟು 400 ನಂಬರಿನಿಂದ ಶುರು ಮಾಡಿ ನುಣುಪು 2000ರವರೆಗೆ ವಾಟರ್ ಪೇಪರ್ ಹಾಕಿ ಉಜ್ಜಿದೆ. ಎರಡು ಸಂಜೆ ಹಿಡಿಯಿತು. ಬಟ್ಟಲೊಳಗಿನ ಮಸಿ ಕೆರೆದೆ, ಆದರೆ ಪೂರ್ತಿ ತೆಗೆಯಲಿಲ್ಲ. ಸುಮಾರು 1 ಮಿಲಿಮೀಟರ್ ಕಿಟ್ಟ ಉಳಿದಿರಬೇಕು. ಅದು ಮರವನ್ನು ಕೆಂಡದಿಂದ ಕಾಯುತ್ತದೆ. ಜಾಸ್ತಿ ಬೆಳೆಯಲು ಬಿಟ್ಟರೆ ಬಿಸಿಗೆ ಕಿಟ್ಟ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಕೊನೆಗೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಬಟ್ಟಲಿಗೆ ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹತ್ತಿ ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು.

ಇಷ್ಟಾದ ಮೇಲೆ ಸೇದದೆ ಬಿಡಲು ಮನಸ್ಸಾಗಲಿಲ್ಲ. ದುಬೈನಲ್ಲಿರುವ ಚಿಕ್ಕಪ್ಪನ ಮಗ ಒಂದು ಡಬ್ಬಿ ತಂದುಕೊಟ್ಟ. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ ತರಬಹುದಾದ ತಂಬಾಕು 125 ಗ್ರಾಂ. 50 ಗ್ರಾಂನ ಡಬ್ಬಿ ಎರಡು ಬಂದರೆ ಹಬ್ಬ. ಡಬ್ಬಿ ತೆಗೆದ ಕೂಡಲೇ ಪೈಪಿಗೆ ತುರುಕಿ, ಕಡ್ಡಿ ಗೀರಿ, ಫುಸ್ ಫುಸ್ ಅಂತ ಎಳೆದೆ. ಆರಿತು. ಮತ್ತೆ ಹಚ್ಚಿದೆ. ಮತ್ತೆ ಆರಿತು. ಹತ್ತು ಕಡ್ಡಿ ಆದ ಮೇಲೆ ಪೈಪೊಳಗೆ ಹುಕ್ಕಾದ ಹಾಗೆ ಗುಳುಗುಳು ಸದ್ದು. ನಾಲಿಗೆ ತುದಿ ಸುಟ್ಟು ಎರಡು ದಿನ ಸಾರು ಕುಡಿಯಲು ಆಗಲಿಲ್ಲ. ಮನೆಯವಳು ಏನೂ ಅನ್ನಲಿಲ್ಲ. ಆದರೆ ಆ ಎರಡೂ ದಿನ ಬೇಕಂತಲೇ ಸಾರಿಗೆ ಖಾರ ಜಾಸ್ತಿ ಹಾಕಿದ್ದಳು ಅಂತ ನನ್ನ ಅನುಮಾನ.

ನಾಲಿಗೆ ಸುಟ್ಟದ್ದು ತಂಬಾಕಿನ ಘಾಟಿಗೆ ಅಂದುಕೊಂಡಿದ್ದೆ. ಘಾಟಿಗಿಂತ ಹೆಚ್ಚಾಗಿ ಅದು ಹಬೆಯ ಕೆಲಸ. ಡಬ್ಬಿಯಲ್ಲಿ ತಂಬಾಕನ್ನು ಹಾಳಾಗದ ಹಾಗೆ ತೇವ ಇಟ್ಟೇ ಕಳಿಸುತ್ತಾರೆ. ಅದನ್ನು ಹಾಗೇ ಸೇದಿದರೆ ಆರುತ್ತದೆ. ಆರುತ್ತದೆ ಅಂತ ಜೋರಾಗಿ ಎಳೆದರೆ ಇನ್ನೂ ಬಿಸಿ. ಆ ಬಿಸಿಗೆ ನೀರು ಹಬೆಯಾಗಿ ನೇರ ನಾಲಿಗೆಗೆ ಹೊಡೆಯುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕೈಗೆ ತಾಗುತ್ತಲ್ಲ, ಹಾಗೆ. ಅಜ್ಜನ ಮುಷ್ಟಿ ನೆನಪಾದದ್ದು ಆಗ. ಹೊಸ ತಂಬಾಕು ತೆಗೆದು ಹಿಡಿದು ನೋಡಿದೆ. ಉಂಡೆಯೇ ಆಯಿತು.

ಅವತ್ತಿನಿಂದ ವರ್ಕ್‌ಶಾಪ್‌ನ ಹಳೇ ಜಾಬ್ ರಿಜಿಸ್ಟರ್ ಒಂದನ್ನು ಇದಕ್ಕೇ ಇಟ್ಟೆ. ತಾರೀಖು, ಯಾವ ತಂಬಾಕು, ಎಷ್ಟು ಹೊತ್ತು ಒಣಗಿಸಿದ್ದು, ಎಷ್ಟು ಕಡ್ಡಿ, ಕೊನೆಗೆ ತಳದಲ್ಲಿ ಬೂದಿಯೋ ಕೆಸರೋ. ಮೊದಲ ವರ್ಷ ಪೂರ್ತಿ ಒಂದೇ ಪೈಪ್, ಒಂದೇ ತಂಬಾಕು. ಹೊಸಬರು ತಿಂಗಳಿಗೊಂದು ಪೈಪ್ ಕೊಳ್ಳುವುದನ್ನು ನೋಡಿದ್ದೇನೆ. ದುಡ್ಡು ಖರ್ಚಾಗುತ್ತದೆ, ತಪ್ಪು ಯಾವುದರಲ್ಲಿ ಅಂತ ಮಾತ್ರ ತಿಳಿಯುವುದಿಲ್ಲ.

ತುಂಬುವುದಕ್ಕೆ ಹಳೇ ಕ್ರಮ ಒಂದಿದೆ. ಮೊದಲ ಪದರ ಮಗುವಿನ ಕೈಯಿಂದ ಒತ್ತಿದ ಹಾಗೆ, ಎರಡನೆಯದು ಹೆಂಗಸಿನ ಕೈ, ಮೂರನೆಯದು ಗಂಡಸಿನ ಕೈ. (ನಮ್ಮನೆ ಹೆಂಗಸರು ರೊಟ್ಟಿ ಬಡಿಯುವುದನ್ನು ಆ ಮಾತು ಕಟ್ಟಿದವರು ನೋಡಿರಲಿಕ್ಕಿಲ್ಲ.) ಮೊದಲು ಹಚ್ಚಿದಾಗ ಮೇಲಿನ ತಂಬಾಕು ಉಬ್ಬಿ ಏಳುತ್ತದೆ. ಅದನ್ನು ಮೆಲ್ಲಗೆ ಒತ್ತಿ ಮತ್ತೆ ಹಚ್ಚಬೇಕು. ಒತ್ತಲು ಮೊದಮೊದಲು ದಪ್ಪ ತಲೆಯ ಮೊಳೆ ಇಟ್ಟುಕೊಂಡಿದ್ದೆ. ಆಮೇಲೆ ವರ್ನಿಯರ್ ಹಿಡಿದು ಅಳತೆ ತೆಗೆದೆ. ಬಟ್ಟಲಿನ ಒಳವ್ಯಾಸ 20 ಮಿಲಿಮೀಟರ್, ಹೊಗೆಯ ದಾರಿ 4. ಸ್ಕ್ರ್ಯಾಪ್ ಹಿತ್ತಾಳೆಯಲ್ಲಿ 14 ಮಿಲಿಮೀಟರ್‌ನ ಟ್ಯಾಂಪರ್ ತಿರುವಿಕೊಂಡೆ. ಅದನ್ನು ನೋಡಿ ವರ್ಕ್‌ಶಾಪ್‌ನ ಹುಡುಗ, "ಸರ್, ಇದು ಯಾವ ಗಾಡಿ ಪಾರ್ಟ್ ರೀ?" ಅಂದ.

ರಿಜಿಸ್ಟರ್ ಇಟ್ಟದ್ದರಿಂದ ಒಂದು ವಿಚಿತ್ರ ಕಂಡಿತು. ಏಪ್ರಿಲ್‌ನಲ್ಲಿ ಕಾಗದದ ಮೇಲೆ ಹರಡಿದ ತಂಬಾಕು 20 ನಿಮಿಷಕ್ಕೆ ಹದವಾಗುತ್ತಿತ್ತು. ಜುಲೈ ಕೊನೆಗೆ, ಪುಷ್ಯ ಮಳೆ ಹಿಡಿದಾಗ, ಎರಡು ಗಂಟೆ ಬಿಟ್ಟರೂ ಹದಕ್ಕೆ ಬರುತ್ತಿರಲಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ, ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ. ತಂಬಾಕು ಒಣಗುವುದು ಹೋಗಲಿ, ಗಾಳಿಯಿಂದಲೇ ನೀರು ಕುಡಿಯುತ್ತಿತ್ತು. ಅದೇ ತಂಬಾಕನ್ನು ಹುಬ್ಬಳ್ಳಿಯ ವರ್ಕ್‌ಶಾಪ್‌ಗೆ ಒಯ್ದರೆ ಅರ್ಧ ಹೊತ್ತು ಸಾಕಾಗುತ್ತಿತ್ತು. 20 ಕಿಲೋಮೀಟರ್‌ಗೆ ಇಷ್ಟು ಫರಕು! ಈಗ ಮಳೆಗಾಲದಲ್ಲಿ 60 ವ್ಯಾಟಿನ ಹಳೇ ಬಲ್ಬಿನ ಕೆಳಗೆ ಹರಡುತ್ತೇನೆ. ಪೈಪಿಗೂ ಅದೇ ನಿಯಮ. ಒಮ್ಮೆ ಸೇದಿದರೆ ಒಂದು ದಿನ ಬಿಡಬೇಕು ಅನ್ನುತ್ತಾರೆ. ಆಶ್ಲೇಷಾದಲ್ಲಿ ನಾನು ಮೂರು ದಿನ ಬಿಡುತ್ತೇನೆ. ಬಿಡದಿದ್ದರೆ ಒಳಗಿನ ಕಿಟ್ಟ ಹುಳಿ ವಾಸನೆ ಬರುತ್ತದೆ.

ಅತಿ ದೊಡ್ಡ ಪೆಟ್ಟು ತಿಂದದ್ದೂ ಮಳೆಗಾಲದಲ್ಲೇ. ಮೇ ತಿಂಗಳಲ್ಲಿ ಒಂದು ಡಬ್ಬಿ ಒಣಗಿ ತರಗೆಲೆ ಆಗಿತ್ತು. ಆಲೂಗಡ್ಡೆ ಚೂರು ಹಾಕಿಟ್ಟರೆ ತೇವ ಬರುತ್ತದೆ ಅಂತ ಯಾರೋ ಹೇಳಿದ್ದರು. ಹಾಕಿದೆ, ಮರೆತೆ. ಆಗಸ್ಟ್‌ನಲ್ಲಿ ತೆಗೆದರೆ ಒಳಗೆಲ್ಲ ಬಿಳಿ ಬೂಸ್ಟು. ಹಳೇ ತಂಬಾಕಿನ ಮೇಲೆ ಕೆಲವೊಮ್ಮೆ ಸಕ್ಕರೆ ಹರಳಿನಂಥ ಬಿಳಿ ಪುಡಿ ಕಾಣಿಸುತ್ತದೆ, ಅದು ದೋಷವಲ್ಲ ಅಂತ ಕೇಳಿದ್ದೆ. ಆ ಆಸೆಯಿಂದ ಭೂತಗನ್ನಡಿ ಹಿಡಿದು ನೋಡಿದೆ. ಹರಳು ಮಿನುಗುತ್ತದೆ, ಬೂಸ್ಟಿಗೆ ಕೂದಲಿರುತ್ತದೆ. ನನ್ನದಕ್ಕೆ ಕೂದಲೇ. 50 ಗ್ರಾಂ ತಿಪ್ಪೆಗೆ ಹೋಯಿತು. ಈಗ ಒಡೆದ ಮಡಕೆಯ ಒಂದು ಚೂರನ್ನು ನೆನೆಸಿ, ಒರೆಸಿ, ಒಂದೇ ದಿನ ಗಾಜಿನ ಬಾಟಲಿಯಲ್ಲಿ ಇಟ್ಟು ತೆಗೆಯುತ್ತೇನೆ.

ತೇವದ ಲೆಕ್ಕ ತಿಳಿದ ಮೇಲೆ ಪೈಪುಗಳ ಆಕಾರವೂ ಅರ್ಥವಾಗತೊಡಗಿತು. ತಂಬಾಕು ಎಷ್ಟೇ ಒಣಗಿರಲಿ, ಉರಿಯುವಾಗಲೇ ನೀರು ಹುಟ್ಟುತ್ತದೆ. ಅದನ್ನು ಎಲ್ಲಿ ಹಿಡಿದಿಡುವುದು? ಡಬ್ಲಿನ್‌ನ ಪೀಟರ್ಸನ್‌ನವರು 1890ರಲ್ಲಿ ಪೇಟೆಂಟ್ ಪಡೆದ ಸಿಸ್ಟಮ್ ಪೈಪಿನಲ್ಲಿ ಹೊಗೆಯ ದಾರಿಯ ಕೆಳಗೆ ಒಂದು ಸಣ್ಣ ಗುಂಡಿ ಇರುತ್ತದೆ. ನೀರು ಅಲ್ಲಿ ಇಳಿದು ನಿಲ್ಲುತ್ತದೆ. ಕ್ಯಾಲಬಾಶ್ ಪೈಪಿನ ಒಡಲು ಸೋರೆಬುರುಡೆಯದು, ನಮ್ಮ ತಂಬೂರಿಯ ಹಾಗೆ. ಆ ಟೊಳ್ಳಿನಲ್ಲಿ ಹೊಗೆ ತಣ್ಣಗಾಗುತ್ತದೆ. ತುರ್ಕಿಯ ಎಸ್ಕಿಶೆಹಿರ್‌ನಲ್ಲಿ ಸಿಗುವ ಮೀರ್‌ಶಾಮ್ ಕಲ್ಲಿನ ಪೈಪ್ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಅಜ್ಜನ ಒದ್ದೆ ಬಟ್ಟೆಯೂ ಹೊಗೆ ತಣಿಸುವ ಉಪಾಯವೇ, ಬೇರೆ ದಾರಿಯಿಂದ.

ಎಲೆಗಳ ವಿಷಯ ಚುಟುಕಾಗಿ ಹೇಳುತ್ತೇನೆ. ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಜಾಸ್ತಿ, ಅವಸರ ಮಾಡಿದರೆ ನಾಲಿಗೆ ಕಚ್ಚುತ್ತದೆ. ಹುಣಸೂರು, ಪಿರಿಯಾಪಟ್ಟಣದ ಎಲೆ ಒಣಗಿಸುವ ಗೂಡುಗಳಾದ ಬ್ಯಾರನ್‌ಗಳಲ್ಲಿ ಹದ ಮಾಡುವುದು ಇದೇ ಜಾತಿ. ಲಟಾಕಿಯಾ ಎಲೆಗೆ ಸೌದೆಯ ಹೊಗೆ ಹಾಕುತ್ತಾರೆ. ನಮ್ಮವಳ ಪ್ರಕಾರ ಅದಕ್ಕೆ ಹಳೇ ಅಡುಗೆಮನೆಯ ಅಟ್ಟದ ವಾಸನೆ. ನಿಪ್ಪಾಣಿಯದು ಬೀಡಿ ತಂಬಾಕು, ಬಿಸಿಲಲ್ಲಿ ಒಣಗಿಸಿದ್ದು. ನಮ್ಮ ಕಡೆಯದೇ ಅಲ್ವಾ ಅಂತ ಅಭಿಮಾನದಿಂದ ಒಮ್ಮೆ ಪೈಪಿಗೆ ತುಂಬಿದೆ. ಐದು ನಿಮಿಷಕ್ಕೆ ಬಿಕ್ಕಳಿಕೆ, ತಣ್ಣನೆ ಬೆವರು, ತಲೆ ಗಿರ್ರ್. ಗೋಡೆ ಹಿಡಿದು ಒಳಗೆ ಬಂದು, ನೀರು ಕುಡಿದು, ಎರಡು ಪೇಡೆ ತಿಂದು ಮಲಗಿದೆ.

ಪೈಪಿನ ಹೊಗೆ ಒಳಗೆ ಎಳೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ ಅನ್ನುವವರಿದ್ದಾರೆ. ಸುಳ್ಳು. ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್ ಪೈಪಿನಿಂದಲೂ ಬರುತ್ತದೆ, ಶ್ವಾಸಕೋಶದ್ದೂ ಬರುತ್ತದೆ. ನಾನು ವಾರಕ್ಕೆ ಒಂದು ಸಲಕ್ಕೆ ಇಳಿಸಿದ್ದೇನೆ. ಅದೂ ಹಿತ್ತಲಲ್ಲಿ, ಮಕ್ಕಳಿಲ್ಲದಾಗ. ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸುತ್ತೇನೆ. ಬಿಟ್ಟುಬಿಡಿ ಅಂತ ಅವರು ಪ್ರತಿ ಸಲ ಹೇಳುತ್ತಾರೆ. ಸರಿಯಾಗೇ ಹೇಳುತ್ತಾರೆ. ಉಳಿದ ಆರು ದಿನ ಓದುವುದು, ಉಜ್ಜುವುದು, ಬರೆದಿಡುವುದು. ನಿಜ ಹೇಳಬೇಕೆಂದರೆ ನನಗೆ ಅದೇ ಜಾಸ್ತಿ ಇಷ್ಟ.

ಹಾಗೆ ಓದುವಾಗ ಸಿಕ್ಕಿದ್ದು ಅಸದ್ ಬೇಗ್‌ನ ಕಥೆ. ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದವನು. ಅಲ್ಲಿ ಮೊದಲ ಸಲ ತಂಬಾಕು ಕಂಡು, ಇಂಥದ್ದನ್ನು ಹಿಂದೂಸ್ತಾನದಲ್ಲಿ ನೋಡೇ ಇರಲಿಲ್ಲ ಅಂತ ಬರೆದಿದ್ದಾನೆ. ಬಾದಶಹನಿಗೆ ಕೊಡಲು ಒಂದು ಪೈಪನ್ನೂ ಸಿದ್ಧ ಮಾಡಿಕೊಂಡ. ವೈದ್ಯರು ಬೇಡ ಅಂದರೂ ಅಕ್ಬರ್ ಎರಡು ಮೂರು ದಮ್ಮು ಎಳೆದು ನೋಡಿದ. ಅವನ ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನೇ ನಿಷೇಧಿಸಿದ. ನನಗೆ ಹಿಡಿಸಿದ್ದು ಬೇರೆ ವಿವರ. ಆ ಪೈಪಿನ ಕೊಳವೆ ಮೂರು ಮೊಳ ಉದ್ದ, ಎರಡೂ ತುದಿಗೆ ರತ್ನ, ಮೀನಾಕೆಲಸ. ಆ ವೈಭವದ ನಡುವೆಯೂ ಕೊಳವೆಯನ್ನು ಚೆನ್ನಾಗಿ ಒಣಗಿಸಿತ್ತು ಅಂತ ಬರೆಯಲು ಅವನು ಮರೆತಿಲ್ಲ.

ಈಗಿನ ಹುಚ್ಚು ಗೋವಿನಜೋಳದ ಪೈಪ್. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಊರಿನಲ್ಲಿ 1869ರಿಂದ ಜೋಳದ ದಿಂಡಿನಲ್ಲಿ ಪೈಪ್ ಮಾಡುತ್ತಾರೆ. ಹಾವೇರಿ ಜಿಲ್ಲೆ ತುಂಬ ಗೋವಿನಜೋಳವೇ ಇರುವಾಗ ನಾವ್ಯಾಕೆ ಮಾಡಬಾರದು? ರಾಣೆಬೆನ್ನೂರಿನ ಮಾವನ ಹೊಲದಿಂದ ಒಂದು ಚೀಲ ದಿಂಡು ತಂದೆ. 18 ಮಿಲಿಮೀಟರ್ ಡ್ರಿಲ್ ಹಾಕಿ ಬಟ್ಟಲು ಕೊರೆದು, ಬಿದಿರಿನ ಕೊಳವೆ ಸಿಕ್ಕಿಸಿದೆ. ನೋಡಲು ಚಂದ ಇತ್ತು. ಅರ್ಧ ಸೇದುವಷ್ಟರಲ್ಲಿ ಬಟ್ಟಲಿನ ಪಕ್ಕದ ಗೋಡೆ ಸುಟ್ಟು ತೂತಾಗಿ, ಕೆಂಡ ನೇರ ಲುಂಗಿ ಮೇಲೆ ಬಿತ್ತು. ಲುಂಗಿ ಹೋಯಿತು, ಮಾನ ಉಳಿಯಿತು. ಎರಡನೇ ಸಲದ್ದು ಕೊರೆಯುವಾಗಲೇ ಹಿಂಜಿಹೋಯಿತು. ಕಾಳು ತುಂಬಲಿ ಅಂತ ಬೆಳೆಸಿದ ನಮ್ಮ ಹೈಬ್ರಿಡ್‌ಗಳ ದಿಂಡು ತೆಳು, ಮೆತ್ತಗೆ. ಅಲ್ಲಿಯವರು ದಪ್ಪ ದಿಂಡಿನ ತಳಿಯನ್ನೇ ಬೆಳೆಯುತ್ತಾರೆ. ಹೊರಗಿನ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತುತ್ತಾರೆ. ಎಲ್ಲಕ್ಕಿಂತ ಮುಖ್ಯ, ದಿಂಡನ್ನು ಸುಮಾರು ಎರಡು ವರ್ಷ ಒಣಗಿಸುತ್ತಾರೆ. ನಾನು ಎರಡು ವಾರ ಒಣಗಿಸಿದ್ದೆ.

ಮಾವ ಈ ಸಲ ಹೊಲದ ಬದುವಿನಲ್ಲಿ ಬೆಳೆದ ಹಳೇ ಜವಾರಿ ಗೋವಿನಜೋಳದ ದಿಂಡು ಆರಿಸಿ ಕೊಟ್ಟಿದ್ದಾರೆ. ಹನ್ನೆರಡು ಇವೆ. ವರ್ಕ್‌ಶಾಪ್‌ನ ಅಟ್ಟದ ಮೇಲೆ, ತಗಡಿನ ಕೆಳಗೆ, ದಾರಕ್ಕೆ ಕಟ್ಟಿ ತೂಗುಹಾಕಿದ್ದೇನೆ. ಧಾರವಾಡದ ಮನೆಗೆ ಮಾತ್ರ ಒಯ್ಯುವುದಿಲ್ಲ. ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇದೆ.